ತಾಮ್ರ ಯಾಕೆ ಬೇಕಿತ್ತು?

ಪ್ರೀತಿಯ ತಂಗಿ,

ನಿನ್ನ ಕರಡು ಓದಿದೆ. ಆ ಕಲಾವಿದೆ ಕಟ್ಟುವ ಪುಟ್ಟ ಮನೆಗಳು ಕಣ್ಣಿಗೆ ಕಟ್ಟುವಂತೆ ಬಂದಿವೆ. ರಟ್ಟಿನ ಗೋಡೆ, ಬೆಂಕಿಕಡ್ಡಿಯ ಕಿಟಕಿ, ಉಗುರಿನಗಲದ ಮೆಟ್ಟಿಲು, ಎಲ್ಲಾ ಇದೆ. ಆದರೆ ಮನೆ ಕಟ್ಟಿ ಮುಗಿದದ್ದೇ ತಡ, ನೀನು ಓಡಿಬಿಟ್ಟಿದ್ದೀಯ. ‘ಆಮೇಲೆ ಇದನ್ನು ಫೋಟೋಗ್ರಾವ್ಯೂರ್ ಆಗಿ ಮುದ್ರಿಸುತ್ತಾರೆ’ ಎಂದು ಒಂದೇ ಸಾಲು. ಫೋಟೋವನ್ನು ತಾಮ್ರದ ತಗಡಿನಲ್ಲಿ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಒತ್ತುವ ವಿಧಾನ ಅದು. ನಿನ್ನ ಲೇಖನದ ಜೀವ ಇರುವುದೇ ಅಲ್ಲಿ.

ಫೋಟೋ ತೆಗೆದು ಪ್ರಿಂಟರ್‌ಗೆ ಕೊಟ್ಟರೆ ಸಾಕಿತ್ತಲ್ವಾ? ತಾಮ್ರದ ತಗಡು ಯಾಕೆ ಬೇಕಿತ್ತು? ಓದುವವರು ಇದನ್ನು ಕೇಳೇ ಕೇಳುತ್ತಾರೆ. ಕಲಾವಿದೆಯ ಮಾತಿನಲ್ಲಿ ಉತ್ತರ ಹುಡುಕಬೇಡ, ಅವರ ಕೆಲಸದಲ್ಲಿ ಹುಡುಕು.

ಚೆಕ್ ಕಲಾವಿದ ಕಾರ್ಲ್ ಕ್ಲಿಚ್ 1879ರಲ್ಲಿ ವಿಯೆನ್ನಾದಲ್ಲಿ ಹದಕ್ಕೆ ತಂದ ವಿಧಾನ ಇದು. ತಗಡಿನ ಮೇಲೆ ರಾಳದ ನುಣ್ಣನೆ ಪುಡಿ ಕೂರಿಸಿ, ಕಾಯಿಸಿ ಅಂಟಿಸುತ್ತಾರೆ. ಡೈಕ್ರೋಮೇಟ್ ಎಂಬ, ಬೆಳಕಿಗೆ ಸ್ಪಂದಿಸುವಂತೆ ಮಾಡುವ ಲವಣ ಹೀರಿದ ಜೆಲಟಿನ್ ಹಾಳೆಯ ಮೇಲೆ ಚಿತ್ರದ ಪಾಸಿಟಿವ್, ಅಂದರೆ ಚಿತ್ರ ಇರುವ ಪಾರದರ್ಶಕ ಹಾಳೆ, ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದಷ್ಟು ಜೆಲಟಿನ್ ಗಟ್ಟಿಯಾಗುತ್ತದೆ. ಹಾಳೆಯನ್ನು ತಗಡಿಗೆ ಅಂಟಿಸಿ ಬಿಸಿನೀರಲ್ಲಿ ತೊಳೆದರೆ ಉಳಿದದ್ದು ಕರಗಿಹೋಗುತ್ತದೆ. ಚಿತ್ರ ಕಪ್ಪಿರುವಲ್ಲಿ ತೆಳು ಪದರ, ಬೆಳ್ಳಗಿರುವಲ್ಲಿ ದಪ್ಪ ಪದರ ನಿಲ್ಲುತ್ತದೆ.

ನಂತರ ಫೆರಿಕ್ ಕ್ಲೋರೈಡ್, ತಾಮ್ರವನ್ನು ಕೊರೆಯುವ ದ್ರಾವಣ. ಇಲ್ಲಿ ನಿಂತು ನೋಡು. ಮೊದಲು ಗಟ್ಟಿ ದ್ರಾವಣ, ಆಮೇಲೆ ಹಂತಹಂತವಾಗಿ ನೀರು ಜಾಸ್ತಿ ಇರುವ ದ್ರಾವಣ. ಗಟ್ಟಿ ದ್ರಾವಣ ತೆಳು ಜೆಲಟಿನ್ನನ್ನಷ್ಟೇ ದಾಟುತ್ತದೆ. ನೀರು ಹೆಚ್ಚಿದ ಹಾಗೆ ದಪ್ಪ ಪದರದೊಳಗೂ ಇಳಿಯುತ್ತದೆ. ಅಂದರೆ ತಾಮ್ರದಲ್ಲಿ ಕತ್ತಲು ಮೊದಲು ಕೊರೆಯುತ್ತದೆ, ಹೆಚ್ಚು ಹೊತ್ತು ಕೊರೆಯುತ್ತದೆ, ಆಳವಾಗುತ್ತದೆ. ಬೆಳಕು ಕೊನೆಗೆ ಬರುತ್ತದೆ.

ಈಗ ಪುಟ್ಟ ಮನೆಗೆ ವಾಪಸ್ ಬಾ. ಮಾದರಿಯೊಂದು ಚಿಕ್ಕದೆಂದು ಫೋಟೋದಲ್ಲಿ ಹೇಗೆ ಗೊತ್ತಾಗುತ್ತದೆ? ಹತ್ತಿರದಿಂದ ತೆಗೆದಾಗ ಸ್ವಲ್ಪ ಜಾಗ ಮಾತ್ರ ಸ್ಪಷ್ಟವಾಗಿರುತ್ತದೆ, ಹಿಂದುಮುಂದಿನದೆಲ್ಲ ಮಸುಕು. ಅದಕ್ಕೇ ಆ ಕಲಾವಿದೆ ಲೆನ್ಸಿನ ದ್ವಾರವನ್ನು ಚಿಕ್ಕದು ಮಾಡಿ, ಜಾಸ್ತಿ ಹೊತ್ತು ಬೆಳಕು ಬಿಡುತ್ತಾರೆ. ಆದರೂ ರಟ್ಟಿನ ಅಂಚು, ಅಂಟಿನ ಕಲೆ ಗುಟ್ಟು ಬಿಟ್ಟುಕೊಡುತ್ತವೆ. ಅವನ್ನು ಮೃದುವಾಗಿಸಿ ನೆರಳಿನೊಳಗೆ ಸೇರಿಸಿಕೊಳ್ಳುವುದು ಗ್ರಾವ್ಯೂರ್. ಆಳವಾದ ಕುಳಿಗಳಲ್ಲಿ ಶಾಯಿ ನಿಜಕ್ಕೂ ದಪ್ಪ ಕೂರುತ್ತದೆ, ಒದ್ದೆ ಕಾಗದ ಅದನ್ನು ಎತ್ತಿಕೊಳ್ಳುತ್ತದೆ. ಅಂಗೈಯಗಲದ ಕೋಣೆಯ ಮೂಲೆಯಲ್ಲಿ, ಜನ ವಾಸಿಸಿದ ಕೋಣೆಯ ಕತ್ತಲು ಕಾಣುತ್ತದೆ. ನನ್ನ ಮಟ್ಟಿಗೆ ತಾಮ್ರ ಬೇಕಾಗಿದ್ದು ಇದಕ್ಕೇ.

ಅಮೆರಿಕದ ಛಾಯಾಗ್ರಾಹಕ ಜೇಮ್ಸ್ ಕೇಸ್‌ಬಿಯರ್ ಮೇಜಿನ ಮೇಲೆ ಮಾದರಿಗಳನ್ನು ಕಟ್ಟಿ ತೆಗೆದ ಚಿತ್ರಗಳನ್ನೂ, 1903ರಿಂದ 1917ರವರೆಗೆ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ತಂದ ‘ಕ್ಯಾಮೆರಾ ವರ್ಕ್’ ಪತ್ರಿಕೆಯ ಗ್ರಾವ್ಯೂರ್‌ಗಳನ್ನೂ ನೋಡು. ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡು.

ತಗಡು ಕೊರೆಯುವ ದಿನ ನಿನ್ನ ಕಲಾವಿದೆಯಲ್ಲಿಗೆ ಹೋಗು. ಆ ಹೊತ್ತಿನಲ್ಲಿ ಮಾತಾಡಿಸಬೇಡ, ಕೈ ನೋಡುತ್ತಿರು. ಮುಗಿದ ಮೇಲೆ ಮೊದಲ ಪ್ರೂಫ್, ಅಂದರೆ ಪರೀಕ್ಷೆಗೆ ಒತ್ತಿದ ಪ್ರತಿ, ಕೇಳು. ಅದನ್ನು ಯಾಕೆ ಒಪ್ಪಲಿಲ್ಲ ಎಂದು ಅವರು ಹೇಳುವುದನ್ನು ಹಾಗೇ ಬರೆದುಕೋ. ‘ಮಾಂತ್ರಿಕ’ ಎಂಬ ಪದ ನಿನ್ನ ಕರಡಿನಲ್ಲಿ ಮತ್ತೆ ಮತ್ತೆ ಬಂದಿದೆ, ಎಲ್ಲವನ್ನೂ ತೆಗೆದುಬಿಡು. ಮೆಟ್ಟಿಲಿನ ಪ್ಯಾರಾ ಮಾತ್ರ ಮುಟ್ಟಬೇಡ, ಅದು ಸರಿಯಾಗಿದೆ. ಹೊಸ ಕರಡಿಗೆ ಕಾಯುತ್ತಿರುತ್ತೇನೆ.

ನಿನ್ನ ಅಕ್ಕ