ನಮ್ಮೂರ ಶಾಲೆಗೆ, ನಮ್ಮೂರ ಜನಕ್ಕೆ ನನ್ನ ನಮಸ್ಕಾರ

ಕಾರ್ಗಿಲ್ ವಿಜಯ ದಿವಸದಂದು ನನಗೆ ಸನ್ಮಾನ ಮಾಡಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ, ಶಿಕ್ಷಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ತಾಲ್ಲೂಕಿನ ಮಾಜಿ ಸೈನಿಕರ ಸಂಘದವರಿಗೆ ಕೈಮುಗಿಯುತ್ತೇನೆ. ಅಂದು ಗಂಟಲು ಕಟ್ಟಿ ಹೆಚ್ಚು ಮಾತು ಹೊರಡಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ದಿನ ಹುಡುಗರು ಮನೆಗೆ ಬಂದು, "ಅಣ್ಣಾ, ವೇದಿಕೆ ಮೆಟ್ಟಿಲು ಹತ್ತೋಕೆ ಕಷ್ಟ ಆಗುತ್ತಾ?" ಎಂದು ಕೇಳಿದರು. ಕೃತಕ ಕಾಲಿನಲ್ಲಿ ಹತ್ತಬಹುದು, ಇಳಿಯುವುದೇ ಕಷ್ಟ ಎಂದೆ. ಬೆಳಿಗ್ಗೆ ಹೋಗಿ ನೋಡಿದರೆ ಮೆಟ್ಟಿಲಿನ ಎರಡೂ ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದ್ದರು. ಬೇರೆ ಕಡೆಯೂ ನನಗೆ ಹಾರ ಹಾಕಿದ್ದಾರೆ. ಹೀಗೆ ಮೊದಲೇ ಬಂದು ಕೇಳಿದವರು ನೀವೇ.

ಆಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಇಲ್ಲದ ಕಾಲು ನೋಯುತ್ತಾ?" ಎಂದಳು. ಮೇಷ್ಟ್ರು ಅವಳನ್ನು ಕೂರಿಸಲು ಹೋದರು, ನಾನು ಬೇಡವೆಂದೆ. ನೋಯುತ್ತದೆ, ಮಗಳೇ. ಉಗ್ರರು ಹೂತಿಟ್ಟ ಬಾಂಬ್ ಸಿಡಿದು ಮೊಣಕಾಲಿನ ಕೆಳಗೆ ಹೋದ ಆ ಕಾಲಿನ ಹೆಬ್ಬೆರಳು ಕೆಲವು ರಾತ್ರಿ ಈಗಲೂ ಉರಿಯುತ್ತದೆ. ಮಳೆಗಾಲದಲ್ಲಿ ಕೃತಕ ಕಾಲಿನ ಸಾಕೆಟ್ಟಿನೊಳಗೆ (ಉಳಿದ ಮೊಂಡುಗಾಲು ಕೂರುವ ಬಟ್ಟಲು) ಬೆವರಿ ಚರ್ಮ ಕಿತ್ತುಬರುತ್ತದೆ. ಆ ಮೊಂಡುಗಾಲು ವರ್ಷಗಳು ಕಳೆದಂತೆ ಸಣ್ಣಗಾಗಿ ಸಾಕೆಟ್ ಸಡಿಲವಾದರೆ ಮತ್ತೆ ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಹೋಗಬೇಕು. ಪ್ಯಾಂಟು, ಬೂಟು ಹಾಕಿಕೊಂಡು ನಡೆಯುವುದನ್ನು ನೋಡಿ "ಈಗೆಲ್ಲ ಸರಿಹೋಯ್ತಲ್ಲ" ಅನ್ನುವವರೇ ಹೆಚ್ಚು. ಆ ಮಗು ಕೇಳಿದ್ದರಿಂದ ಇಷ್ಟನ್ನೂ ಊರ ಮುಂದೆ ಹೇಳಿಕೊಂಡೆ. ನನ್ನ ಎದೆಯ ಮೇಲಿದ್ದ ಪರಾಕ್ರಮ ಪದಕ ಶತ್ರುವಿನ ದಾಳಿಯಲ್ಲಿ ಗಾಯಗೊಂಡವರಿಗೆ ಸಲ್ಲುವುದೆಂದು ಹಲವರಿಗೆ ಗೊತ್ತಾದದ್ದೂ ಅಂದೇ.

ಮುಖ್ಯೋಪಾಧ್ಯಾಯರು ಮುರಳಿಕಾಂತ ಪೇಟ್ಕರ್ ಅವರನ್ನು ನೆನೆದದ್ದು ತುಂಬಾ ಹಿಡಿಸಿತು. 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲುಗಳ ಸ್ವಾಧೀನ ಕಳೆದುಕೊಂಡ ಆ ಸೈನಿಕ 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿ ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ. ನಡುವೆ 46 ವರ್ಷ! ಹುತಾತ್ಮರ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತೇವೆ, ಕೆತ್ತಲೇಬೇಕು. ಗಾಯಗೊಂಡು ಉಳಿದವರು ನಿಮ್ಮ ಪಕ್ಕದಲ್ಲೇ ರೇಷನ್ ಅಂಗಡಿ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ.

ನೀವು ಹೊದಿಸಿದ ಶಾಲಿಗೆ ಇನ್ನೂ ಕೆಲವರು ಹಕ್ಕುದಾರರು. ರಕ್ತ ನಿಲ್ಲಲೆಂದು ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ನರ್ಸಿಂಗ್ ಅಸಿಸ್ಟೆಂಟ್. ಸ್ಟ್ರೆಚರ್ ಹೊತ್ತು ಕತ್ತಲಲ್ಲಿ ಗುಡ್ಡ ಇಳಿಸಿದ ಜೊತೆಗಾರರು. 1944ರಿಂದ ಸೈನಿಕರನ್ನು ಮತ್ತೆ ನಡೆಸುತ್ತಿರುವ ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಅಚ್ಚು ತೆಗೆದು, ಉಜ್ಜಿ, ತೊಡಿಸಿ, ನೋವೆಂದರೆ ಬೇಸರಿಸದೆ ಮತ್ತೆ ಉಜ್ಜಿದ ಕೆಲಸಗಾರರು. ಮತ್ತೆ ನನ್ನ ಹೆಂಡತಿ. ನನ್ನ ಸಿಟ್ಟು, ನಿದ್ದೆಗೆಟ್ಟ ರಾತ್ರಿಗಳು ಎಲ್ಲವನ್ನೂ ಸಹಿಸಿದವಳು ಅವಳು. ಅವಳನ್ನೂ ವೇದಿಕೆಗೆ ಕರೆದು, ಹೆಸರು ಹೇಳಿ, ನನಗಿಂತ ಮೊದಲು ಗೌರವಿಸಿದಿರಿ. ಈ ಋಣ ದೊಡ್ಡದು.

ಪಕ್ಕದ ಹಳ್ಳಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವ ನಿವೃತ್ತ ಹವಾಲ್ದಾರ್ ಒಬ್ಬರಿದ್ದಾರೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಮಕ್ಕಳನ್ನು ಅವರ ಮನೆಗೇ ಕರೆದೊಯ್ಯೋಣವೆಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ, ಒಪ್ಪಿದ್ದಾರೆ. ಹವಾಲ್ದಾರರೂ ಬನ್ನಿ ಎಂದಿದ್ದಾರೆ. ಮಕ್ಕಳೇ, ಪ್ರಶ್ನೆಗಳನ್ನು ಈಗಿನಿಂದಲೇ ಬರೆದಿಟ್ಟುಕೊಳ್ಳಿ. ಅವರು ನನಗಿಂತ ಚೆನ್ನಾಗಿ ಮಾತಾಡುತ್ತಾರೆ.