ಅವಳಿಗಳ ನಾಟಕ ಬರೆದ ಹುಡುಗನಿಗೆ

ಪ್ರೀತಿಯ ತಮ್ಮಾ,

ನಿನ್ನ ನಾಟಕ ಒಂದೇ ಸಲಕ್ಕೆ ಓದಿ ಮುಗಿಸಿದೆ. ಮೂರು ಕಡೆ ಜೋರಾಗಿಯೇ ನಕ್ಕೆ. ಆದರೆ ಮಾರನೇ ದಿನ ಆ ಅವಳಿಗಳು ನೆನಪಿಗೇ ಬರಲಿಲ್ಲ. ಯಾಕೆ ಹೇಳು? ನಿನ್ನ ನಾಟಕದಲ್ಲಿ ಯಾರೂ ಏನನ್ನೂ ಕಳೆದುಕೊಂಡಿಲ್ಲ.

ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ಇನ್ನೊಮ್ಮೆ ಓದು. ‘ಉಲ್ಟಾ ಪಲ್ಟಾ’ ಸಿನಿಮಾ ನೋಡಿದ್ದೇನೆ, ಕಥೆ ಗೊತ್ತು ಅಂತ ಬಿಡಬೇಡ. ಇದಕ್ಕೆ ಮೂಲವಾದ, ರೋಮಿನ ಪ್ಲಾಟಸ್ ಬರೆದ ಹಳೇ ನಾಟಕದಲ್ಲಿ ಅವಳಿಗಳ ಒಂದೇ ಜೋಡಿ ಇತ್ತು, ಶೇಕ್ಸ್‌ಪಿಯರ್ ಅವರ ಆಳುಗಳನ್ನೂ ಅವಳಿ ಮಾಡಿದ. ಅದು ಬಿಡು, ಲೆಕ್ಕಾಚಾರದ ಕೆಲಸ. ಶುರುವಿನಲ್ಲೇ ಒಬ್ಬ ಮುದಿ ಅಪ್ಪನನ್ನು ತಂದು ನಿಲ್ಲಿಸಿದ್ದಾನೆ ನೋಡು. ಸಿರಾಕ್ಯೂಸ್‌ನವನಾಗಿ ವೈರಿ ಊರಾದ ಎಫೆಸಸ್‌ಗೆ ಕಾಲಿಟ್ಟ ತಪ್ಪಿಗೆ ಸಂಜೆಯೊಳಗೆ 1000 ಮಾರ್ಕ್ ಹಣ ಕಟ್ಟಬೇಕು, ಇಲ್ಲದಿದ್ದರೆ ತಲೆ ಹೋಗುತ್ತದೆ. ನಾವು ನಗುವುದೆಲ್ಲ ಆ ಸಂಜೆ ಆಗುವುದರೊಳಗೆ. (ಶೇಕ್ಸ್‌ಪಿಯರನಿಗೂ ಅವಳಿ ಮಕ್ಕಳಿದ್ದರು, ಹ್ಯಾಮ್ನೆಟ್ ಮತ್ತು ಜುಡಿತ್. ಸುಮ್ನೆ ಹೇಳಿದೆ.)

ಕಳೆದುಹೋದ ಅವಳಿಯನ್ನು ಹುಡುಕುತ್ತಾ ಅದೇ ಊರಿಗೆ ಬಂದ ಆ ಅಪ್ಪನ ಮಗ ಆಂಟಿಫೊಲಸ್ (ಅವಳಿಗಳಿಬ್ಬರಿಗೂ ಅದೇ ಹೆಸರು), ಕಡಲಲ್ಲಿ ಇನ್ನೊಂದು ಹನಿಯನ್ನು ಹುಡುಕುವ ನೀರಹನಿ ನಾನು ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಆ ಇನ್ನೊಬ್ಬ ಅವಳಿಯ ಹೆಂಡತಿ ಆಡ್ರಿಯಾನಾ ಇವನೇ ತನ್ನ ಗಂಡ ಅಂದುಕೊಂಡು, ಕಡಲಿಗೆ ಬಿದ್ದ ಹನಿಯನ್ನು ಮತ್ತೆ ಹಾಗೇ ಎತ್ತಲು ಆಗುತ್ತದಾ, ನನ್ನಿಂದ ನೀನು ಬೇರೆಯಾಗುವುದೂ ಹಾಗೇ ಅಂತ ಅಂಗಲಾಚುತ್ತಾಳೆ. ಅವನ ಹನಿಯೇ ಇವಳ ಬಾಯಲ್ಲಿ, ಅದೂ ಬೇರೆ ಗಂಡಸಿನ ಎದುರು!

ಹುಡುಕಲು ಬಂದವನಿಗೆ, ಗೊತ್ತಿಲ್ಲದ ಜನ ಹೆಸರು ಹಿಡಿದು ಕರೆದರೂ ಅವಳಿ ಇಲ್ಲೇ ಇರಬಹುದು ಅಂತ ಯಾಕೆ ಹೊಳೆಯಲ್ಲ, ಅದು ತಪ್ಪಲ್ವಾ ಅಂತ ನೀನು ಕೇಳಿದ್ದೆ. ಹೊಳೆಯಲ್ಲ ಕಣೋ. ಮಾಟಗಾರರ ಊರು ಅಂದುಕೊಳ್ಳುತ್ತಾನೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಒಂದು ಮದುವೆ ಮನೆಯಲ್ಲಿ ಅಜ್ಜಿಯೊಬ್ಬರು ನನ್ನನ್ನು ಅಪ್ಪನ ಹೆಸರಿಂದ ಕರೆದರು. ನನಗೆ ಬಂದದ್ದು ಸಿಟ್ಟು. ಕನ್ನಡಿ ನೋಡಿಕೊಂಡದ್ದು ಮನೆಗೆ ಬಂದ ಮೇಲೆ.

ನಿನ್ನ ಕೊನೇ ದೃಶ್ಯದಲ್ಲಿ ಅಣ್ಣತಮ್ಮ ಎರಡು ಪುಟ ಅಪ್ಪಿಕೊಂಡು ಅಳುತ್ತಾರೆ. ತೆಗಿ ಅದನ್ನು. ಶೇಕ್ಸ್‌ಪಿಯರನ ಕೊನೇ ದೃಶ್ಯದಲ್ಲಿ ಯಜಮಾನ ಅವಳಿಗಳು ಪರಸ್ಪರ ಮಾತೇ ಆಡಲ್ಲ ಅನ್ನಬೇಕು. ಬೆಳಗಿನಿಂದ ಏಟು ತಿಂದ ಆಳು ಮಾತ್ರ ತನ್ನ ಜೋಡಿಯನ್ನು ನೋಡಿ, ನೀನು ನನ್ನ ಕನ್ನಡಿ ಕಣೋ, ನಾನು ಚೆಂದ ಇದ್ದೇನೆ ಅಂತ ಈಗ ಗೊತ್ತಾಯಿತು ಅನ್ನುತ್ತಾನೆ. ಆಮೇಲೆ ಯಾರು ದೊಡ್ಡವನು ಅನ್ನೋದು ಬಗೆಹರಿಯದೆ ಕೈಕೈ ಹಿಡಿದು ಒಳಗೆ ಹೋಗುತ್ತಾರೆ.

ತಿದ್ದಿದ್ದನ್ನು ದೀಪಾವಳಿಯೊಳಗೆ ಕಳಿಸು.

ನಿನ್ನ,
ಅಣ್ಣ