ಜಾಗ ಯಾರದು ಅಂತ ಮೊದಲು ಕೇಳು

ಹುಬ್ಬಳ್ಳಿ

ಚಿ. ಸಹನಾಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಓದು ಮುಗಿಸಿ ಪೋಲೆಂಡಿನ ವಾರ್ಸಾದಲ್ಲೇ ಮಸಾಲೆ ಸಾಮಾನಿನ ಅಂಗಡಿ ಇಡುತ್ತೇನೆ ಎಂದಿದ್ದೀಯ. ತುಂಬ ಖುಷಿಯಾಯಿತು. ಆದರೆ ರೈಲು ನಿಲ್ದಾಣದ ಪಕ್ಕದ ಝ್ವೊತೆ ತರಾಸಿ ಮಾಲ್‌ನಲ್ಲೇ ಮಳಿಗೆ ಬೇಕು, ಬೀದಿ ಅಂಗಡಿಗೆ ಈಗ ಯಾರು ಬರ್ತಾರೆ ಅಂತ ಬರೆದಿದ್ದೀಯಲ್ಲ, ಅಲ್ಲಿ ಸ್ವಲ್ಪ ನಿಲ್ಲು. ನಾನು ಆ ಊರಲ್ಲಿ 1993ರಿಂದ ಹದಿನೇಳು ವರ್ಷ ಬಟ್ಟೆ ಮಾರಿದವನು.

ನಾನು ಹೋದಾಗ ಆ ಮಾಲ್ ಇರಲಿಲ್ಲ. ಅದು ತೆರೆದದ್ದು 2007ರಲ್ಲಿ. ಅದರ ಎದುರಿನ ‘ಸಂಸ್ಕೃತಿ ಅರಮನೆ’ ಎಂಬ ಎತ್ತರದ ಕಟ್ಟಡ ಇತ್ತು, 1955ರಲ್ಲಿ ಸೋವಿಯತ್ ಒಕ್ಕೂಟ ಕಟ್ಟಿಸಿಕೊಟ್ಟದ್ದು. ಅದರ ಮುಂದೆ ಆಗ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಮೆರವಣಿಗೆಗೆಂದು ಮಾಡಿದ ದೊಡ್ಡ ಬಯಲು. ಆ ಬಯಲಿನಲ್ಲಿ ಜನ ಮಡಚುವ ಮಂಚ ಹಾಕಿ ಅದರ ಮೇಲೆ ಸಾಮಾನು ಹರಡಿ ಮಾರಿದ್ದರು. ಆಮೇಲೆ ತಗಡಿನ ಪೆಟ್ಟಿಗೆ ಅಂಗಡಿಗಳು ಬಂದವು. ಅವಕ್ಕೆ ‘ಶ್ಚೆಂಕಿ’ ಅಂತ ಹೆಸರು, ಅಂದರೆ ದವಡೆ. ಬೆಳಿಗ್ಗೆ ಬಾಯಿ ತೆರೆದ ಹಾಗೆ ಮುಚ್ಚಳ ಎತ್ತುತ್ತಿದ್ದರು.

ನಮ್ಮ ಮನೆ ಪಕ್ಕದ ಅಜ್ಜಿ ಹಿಂದಿನ ಕಥೆ ಹೇಳುತ್ತಿದ್ದಳು. ಮಾಂಸಕ್ಕೆ ಪಡಿತರ ಚೀಟಿ, ಶೂ ಬಂದಿದೆ ಅಂದರೆ ಉದ್ದ ಸಾಲು. 1988ರ ಕೊನೆಗೆ ಯಾರು ಬೇಕಾದರೂ ವ್ಯಾಪಾರ ಮಾಡಬಹುದು ಎಂಬ ಕಾನೂನು ಬಂತು. 1990ರ ಜನವರಿ 1ರಂದು ಹಣಕಾಸು ಮಂತ್ರಿ ಬಾಲ್ಟ್ಸೆರೋವಿಚ್ ಅವರ ಯೋಜನೆ ಶುರುವಾಯಿತು, ಸರ್ಕಾರ ಬೆಲೆ ಕಟ್ಟುವುದು ಬಹುಪಾಲು ನಿಂತುಹೋಯಿತು. ಅಂಗಡಿ ಕಪಾಟು ತುಂಬಿತು, ಜನರ ಕೈಯಲ್ಲಿ ದುಡ್ಡಿಲ್ಲ. ಕೆಲಸ ಹೋದವರು ಅದೇ ಮಂಚದ ಮೇಲೆ ಏನಾದರೂ ಹರಡಿ ಕೂತರು. ಆ ಕಾಲದ ಪೇಟೆ ನಿಂತದ್ದು ಅಂಥವರ ಬೆನ್ನ ಮೇಲೆ.

ಊರಿನ ನಟ್ಟನಡುವೆ, ಅಷ್ಟು ಬೆಲೆಬಾಳುವ ಜಾಗದಲ್ಲಿ, ತಗಡಿನ ಪೆಟ್ಟಿಗೆಗಳು ವರ್ಷಗಟ್ಟಲೆ ಹೇಗೆ ಉಳಿದವು? ನಾನು ಇದನ್ನು ತಡವಾಗಿ ಕೇಳಿಕೊಂಡೆ. ಯುದ್ಧದಲ್ಲಿ ಊರು ಪುಡಿಯಾಗಿತ್ತು. 1945ರ ಒಂದು ಆಜ್ಞೆಯಿಂದ ಇಡೀ ಊರಿನ ನೆಲವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಕಮ್ಯುನಿಸ್ಟ್ ಆಳ್ವಿಕೆ ಬಿದ್ದ ಮೇಲೆ ಹಳೆಯ ಒಡೆಯರ ಮಕ್ಕಳು, ಮೊಮ್ಮಕ್ಕಳು ನಮ್ಮ ಜಾಗ ಕೊಡಿ ಅಂತ ಬಂದರು. ಅರಮನೆಯ ಸುತ್ತಲಿನ ನೆಲಕ್ಕೂ ಇಂಥ ತಕರಾರು ಇತ್ತು. ತಕರಾರಿನ ನೆಲದಲ್ಲಿ ಗಟ್ಟಿಯಾಗಿ ಕಟ್ಟುವುದಕ್ಕೆ ಯಾರು ಮುಂದೆ ಬರ್ತಾರೆ? ಹಾಗಾಗಿ ‘ತಾತ್ಕಾಲಿಕ’ ಎಂಬುದೇ ಬೇರು ಬಿಟ್ಟಿತು.

1996ರಲ್ಲಿ ಒಬ್ಬ ದಲ್ಲಾಳಿ ನನಗೆ ಒಳ್ಳೆ ಬೀದಿಯಲ್ಲಿ ಮಳಿಗೆ ಕೊಡಿಸಿದ. ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟೆ. ಎರಡೇ ತಿಂಗಳಿಗೆ ನೆಲದ ವಾರಸುದಾರರ ವಕೀಲರು ಬಂದು ನಿಂತರು. ಮುಂಗಡ ವಾಪಸ್ ಬರಲಿಲ್ಲ. ನಿನ್ನ ಅತ್ತೆಯ ಬಳೆ ಅಡ ಇಟ್ಟು ನದಿಯಾಚೆ ಹಳೆಯ ಕ್ರೀಡಾಂಗಣದ ಸಂತೆಗೆ ಹೋದೆ. ವಿಯೆಟ್ನಾಮಿನವರು, ರಷ್ಯನ್ನರು, ನಾವು, ಎಲ್ಲ ಒಟ್ಟಿಗೆ ಇದ್ದೆವು. ಮುಂದೆ ಅದೂ ಹೋಯಿತು. ಅಲ್ಲಿ ಕಟ್ಟಿದ ಹೊಸ ಕ್ರೀಡಾಂಗಣದಲ್ಲಿ 2012ರ ಯೂರೋ ಫುಟ್‌ಬಾಲ್ ಪಂದ್ಯಗಳು ನಡೆದವು.

ಬಯಲಿನ ಪೆಟ್ಟಿಗೆಯವರಲ್ಲಿ ಹಲವರು ಕೊನೆಗೆ ಅಲ್ಲೇ ಒಂದು ದೊಡ್ಡ ತಗಡಿನ ಸಭಾಂಗಣದೊಳಗೆ ಸೇರಿದ್ದರು. 2009ರ ಜುಲೈನಲ್ಲಿ ಅದನ್ನು ತೆರವು ಮಾಡಿಸಿದರು. ಅಶ್ರುವಾಯು ಹಾರಿತು. ನಾನು ರಸ್ತೆಯ ಈಚೆ ನಿಂತು ನೋಡಿದೆ. ನಗರಕ್ಕೆ ಅಲ್ಲಿ ಮ್ಯೂಸಿಯಂ ಬೇಕಿತ್ತು, ಒಪ್ಪುತ್ತೇನೆ. ಆದರೂ ಆ ಹೆಂಗಸರ ಅಳು ಇವತ್ತಿಗೂ ಕಿವಿಯಲ್ಲಿದೆ. ಆ ಮ್ಯೂಸಿಯಂ ತೆರೆದದ್ದು 2024ರಲ್ಲಿ. ಹದಿನೈದು ವರ್ಷ ಆಯಿತು, ಅಲ್ವಾ?

ಅದಕ್ಕೇ ಹೇಳುತ್ತೇನೆ ಮಗಳೇ, ಎಷ್ಟು ಜನ ಓಡಾಡ್ತಾರೆ ಅಂತ ಎಣಿಸುವ ಮೊದಲು ಜಾಗದ ಕಾಗದ ನೋಡು. ಅಲ್ಲಿ ಬಹುಪಾಲು ಆಸ್ತಿಗಳಿಗೆ ಸರ್ಕಾರಿ ಭೂ ದಾಖಲೆ ಪುಸ್ತಕ ಇದೆ. ಅದನ್ನು ತೆಗೆಸಿ, ಗೊತ್ತಿದ್ದವರ ಹತ್ತಿರ ಓದಿಸು. ನಗರಸಭೆಯ ಮಳಿಗೆಗಳೂ ಬಾಡಿಗೆಗೆ ಬರುತ್ತವೆ, ವಿಚಾರಿಸು.

ಮಾಲ್ ಬೇಡವೇ ಬೇಡ ಅನ್ನುವುದಿಲ್ಲ. ಆದರೆ ಮಾಲ್ ಬಾಡಿಗೆ ಹೆಚ್ಚಾಗಿ ಯೂರೋ ಲೆಕ್ಕದಲ್ಲಿ ಇರುತ್ತದೆ, ನಿನ್ನ ಗಲ್ಲಾಪೆಟ್ಟಿಗೆಗೆ ಬೀಳುವುದು ಅಲ್ಲಿನ ನಾಣ್ಯ ಝ್ವೋಟಿ. ಝ್ವೋಟಿ ಇಳಿದರೆ ಲಾಭವೆಲ್ಲ ಅಲ್ಲೇ ಕರಗುತ್ತದೆ. ಇನ್ನೊಂದು, 2018ರಿಂದ ಬಹಳಷ್ಟು ಭಾನುವಾರ ಅಂಗಡಿ ತೆರೆಯುವ ಹಾಗಿಲ್ಲ. ನಿನ್ನಂಥ ಅಂಗಡಿಯನ್ನು ಮಾಲೀಕರೇ ನಿಂತು ವ್ಯಾಪಾರ ಮಾಡಿದರೆ ತೆರೆಯಬಹುದು. ಮಾಲ್‌ನಲ್ಲಿ ಸುತ್ತಲಿನ ಮಳಿಗೆಗಳೆಲ್ಲ ಮುಚ್ಚಿದ ದಿನ ನಿನ್ನ ಹತ್ತಿರ ಯಾರು ಬರ್ತಾರೆ? ಮನೆಗಳಿರುವ ಬೀದಿಯಲ್ಲಿ, ಟ್ರಾಮ್ ನಿಲ್ಲುವ ಕಡೆ ಸಣ್ಣ ಅಂಗಡಿ ಇದ್ದರೆ ಭಾನುವಾರ ನಿನ್ನದೇ ದಿನ.

ಈ ಶನಿವಾರ ಕ್ಯಾಮೆರಾ ಬಿಟ್ಟು ಸುಮ್ನೆ ಮಾರ್ಶವ್ಕೋವ್ಸ್ಕಾ ಬೀದಿಯ ಉದ್ದಕ್ಕೂ ನಡೆ. ಹೂವಿನ ಅಂಗಡಿ, ಚಪ್ಪಲಿ ರಿಪೇರಿಯವನು, ಯಾರು ಹಳಬರೋ ಅವರನ್ನು ಮಾತಾಡಿಸು. ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆ ಎಷ್ಟು ಸಲ ಏರಿತು ಅಂತ ಕೇಳು. ಅವರು ಏನು ಹೇಳಿದರು ಅಂತ ನನಗೆ ಬರೆ. ಸಹಿ ಹಾಕುವ ಮುಂಚೆ ಕರಾರಿನ ಒಂದು ಪ್ರತಿ ಕಳಿಸು, ಬ್ಯಾಡಗಿ ಮೆಣಸಿನಕಾಯಿ ಕಳಿಸುವ ಏರ್ಪಾಡು ಆಮೇಲೆ ಮಾಡೋಣ.

ಇಂತಿ ನಿನ್ನ
ಮಾವ